ಕೆ = 1 ಅಂತ ಟೈಪ್ ಮಾಡಿದ ಟ್ರಾನ್ಸ್‌ಫಾರ್ಮರ್: ಒಂದು 12 ವೋಲ್ಟ್ ಅಡಾಪ್ಟರಿನ ಪ್ರಕರಣ ಅಧ್ಯಯನ

ಪೀಣ್ಯದಲ್ಲಿ ಒಂದು ಸಣ್ಣ ಘಟಕ, ಸಿಸಿಟಿವಿ ಕ್ಯಾಮೆರಾಗೆ ಹೋಗೋ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಮಾಡ್ತಾರೆ. ಹೊಸ ಬೋರ್ಡ್ ಡಿಸೈನ್ ಮಾಡಿ ಎಲ್‌ಟಿಸ್ಪೈಸಲ್ಲಿ (ಸರ್ಕ್ಯೂಟನ್ನ ಕಂಪ್ಯೂಟರಲ್ಲೇ ಓಡಿಸಿ ನೋಡೋ ಸ್ಪೈಸ್ ಅನ್ನೋ ತಂತ್ರಾಂಶದ ಒಂದು ರೂಪ) ಸಿಮ್ಯುಲೇಶನ್ ಓಡಿಸಿದ್ರು, ಎಲ್ಲಾ ಸರಿ ಬಂತು, ಬೋರ್ಡ್ ಮಾಡಿಸಿದ್ರು, ಆಮೇಲೆ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚಾದ ಮಾಸ್‌ಫೆಟ್‌ಗಳು ಒಂದಾದ್ಮೇಲೆ ಒಂದು ಹಾರೋಕೆ ಶುರುವಾಯ್ತು. ಕೆಲವು ಪ್ಲಗ್ ಹಾಕಿದ ತಕ್ಷಣ, ಕೆಲವು ಒಂದೈದು ನಿಮಿಷ ಓಡಿ ಬಿಸಿಯಾಗಿ ಆಮೇಲೆ. ಎಸ್‌ಪಿ ರೋಡಲ್ಲಿ ತಂದ ಮಾಸ್‌ಫೆಟ್ ಡ್ಯೂಪ್ಲಿಕೇಟ್ ಇರ್ಬೇಕು ಅಂತ ಮೊದಲು ಅಂಗಡಿಯವರ ಮೇಲೆ ಅನುಮಾನ ಬಂತು, ಬೇರೆ ಕಡೆಯಿಂದ ತರಿಸಿದ್ದೂ ಅದೇ ಗತಿ ಆಯ್ತು. ಆ ಹೊತ್ತಿಗೆ ನನ್ನನ್ನ ಕರೆದ್ರು. ಡಿಸೈನ್ ಮಾಡಿದ ಹುಡುಗ ಬುದ್ಧಿವಂತ, ಲೆಕ್ಕ ಎಲ್ಲಾ ನೀಟಾಗಿ ಬರೆದಿಟ್ಟಿದ್ದ, "ಸಾರ್, ಡ್ರೈನಲ್ಲಿ 477 ವೋಲ್ಟ್ ದಾಟ್ತಾನೇ ಇಲ್ಲ ನೋಡಿ, ಮಾಸ್‌ಫೆಟ್ 650ರದ್ದು, ಯಾಕೆ ಸಾರ್ ಹೋಗ್ಬೇಕು" ಅಂತ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಡ್ರೈನ್ ಅಂದ್ರೆ ಮಾಸ್‌ಫೆಟ್ಟಿನ ಟ್ರಾನ್ಸ್‌ಫಾರ್ಮರ್ ಕಡೆಯ ಕಾಲು, 650 ಅಂದ್ರೆ ಅದು ತಡ್ಕೊಳ್ಳೋ ವೋಲ್ಟೇಜ್. ಅವನ ಸಿಮ್ಯುಲೇಶನ್ ಹೇಳ್ತಿದ್ದಿದ್ದು ನಿಜವಾಗ್ಲೂ ಅದೇ. ಕಪಲ್ಡ್ ಇಂಡಕ್ಟರನ್ನ, ಅಂದ್ರೆ ಒಂದೇ ಕೋರ್ ಮೇಲಿನ ನಂಟಿರೋ ಸುರುಳಿಗಳನ್ನ, ಸ್ಪೈಸಲ್ಲಿ ಹೇಗೆ ಬರೀಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪ್ರಕರಣ ನನಗೆ ಸಿಕ್ಕಿಲ್ಲ, ಅದಕ್ಕೇ ನಂಬರ್ ಸಮೇತ ಪೂರ್ತಿ ಬರೀತಿದೀನಿ.

ಸರ್ಕ್ಯೂಟ್ ಸಾದಾ ಫ್ಲೈಬ್ಯಾಕ್, ಅಂದ್ರೆ ಮಾಸ್‌ಫೆಟ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಅದನ್ನ ಸೆಕೆಂಡರಿ ಕಡೆಗೆ ಬಿಡೋದು. ಇನ್‌ಪುಟ್ 85ರಿಂದ 265 ವೋಲ್ಟ್ ಎಸಿ, ಅಂದ್ರೆ ರೆಕ್ಟಿಫೈ ಆದ್ಮೇಲೆ ಜಾಸ್ತಿ ಅಂದ್ರೆ 375 ವೋಲ್ಟ್ ಡಿಸಿ. ಫ್ರೀಕ್ವೆನ್ಸಿ 65 ಕಿಲೋಹರ್ಟ್ಜ್. ಇಇ20 ಫೆರೈಟ್ ಕೋರ್, ಪ್ರೈಮರಿ 80 ಸುತ್ತು, ಸೆಕೆಂಡರಿ 10 ಸುತ್ತು, ಕಂಟ್ರೋಲರ್ ಐಸಿಗೆ ಪವರ್ ಕೊಡೋ ಆಕ್ಸಿಲರಿ 12 ಸುತ್ತು. ಗ್ಯಾಪ್ ಹಾಕಿದ್ಮೇಲೆ ಪ್ರೈಮರಿ ಇಂಡಕ್ಟನ್ಸ್ 1 ಮಿಲಿಹೆನ್ರಿ. 12 ವಾಟ್ ಔಟ್‌ಪುಟ್‌ಗೆ ಇನ್‌ಪುಟ್ ಸುಮಾರು 15 ವಾಟ್ ಇಟ್ಕೊಂಡ್ರೆ ಪೀಕ್ ಕರೆಂಟ್ 0.68 ಆಂಪಿಯರ್, ಡಿಸ್‌ಕಂಟಿನ್ಯೂಯಸ್ ಮೋಡ್, ಅಂದ್ರೆ ಪ್ರತಿ ಸೈಕಲಲ್ಲೂ ಟ್ರಾನ್ಸ್‌ಫಾರ್ಮರ್ ಕರೆಂಟ್ ಸೊನ್ನೆಗೆ ಬಂದು ನಿಲ್ಲುತ್ತೆ. ಔಟ್‌ಪುಟ್ 12 ಪ್ಲಸ್ ಡಯೋಡ್ ಡ್ರಾಪ್ 0.7, ಅದನ್ನ 8ರಿಂದ ಗುಣಿಸಿದ್ರೆ ಪ್ರೈಮರಿಗೆ ವಾಪಸ್ ಕಾಣೋ ವೋಲ್ಟೇಜ್ ಸುಮಾರು 102. 375ಕ್ಕೆ 102 ಕೂಡಿಸಿದ್ರೆ 477, ಹುಡುಗ ತೋರಿಸಿದ ನಂಬರ್.

ಸ್ಪೈಸಲ್ಲಿ ಟ್ರಾನ್ಸ್‌ಫಾರ್ಮರ್ ಅನ್ನೋ ಪಾರ್ಟ್ ಇರಲ್ಲ, ಎರಡು ಇಂಡಕ್ಟರ್ ಇಟ್ಟು ಅವೆರಡಕ್ಕೂ ನಂಟಿದೆ ಅಂತ ಒಂದು ಸಾಲು ಬರೀಬೇಕು, ಕೆ1 ಎಲ್1 ಎಲ್2 ಅಂತ ಹೇಳಿ ಕೊನೇಲಿ ಒಂದು ನಂಬರ್. ಆ ನಂಬರ್ರೇ ಕಪ್ಲಿಂಗ್ ಕೋಎಫಿಷಿಯೆಂಟ್, ಅಂದ್ರೆ ಮ್ಯೂಚುವಲ್ ಇಂಡಕ್ಟನ್ಸನ್ನ ಎರಡೂ ಇಂಡಕ್ಟನ್ಸಿನ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದ್ದು. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸಿಂದ ಇವತ್ತಿನವರೆಗೂ ಈ ಪದ್ಧತಿ ಹಾಗೇ ಉಳ್ಕೊಂಡಿದೆ. ಟರ್ನ್ಸ್ ರೇಶಿಯೋ ಅಂತ ಎಲ್ಲೂ ಬರೆಯೋದಿಲ್ಲ, ಇಂಡಕ್ಟನ್ಸ್ ಸುತ್ತುಗಳ ವರ್ಗಕ್ಕೆ ತಕ್ಕಂತೆ ಇರೋದ್ರಿಂದ 8ಕ್ಕೆ 1 ಬೇಕು ಅಂದ್ರೆ ಇಂಡಕ್ಟನ್ಸನ್ನ 64ಕ್ಕೆ 1 ಇಡ್ಬೇಕು. 1 ಮಿಲಿಹೆನ್ರಿಗೆ ಸೆಕೆಂಡರಿ 15.6 ಮೈಕ್ರೋಹೆನ್ರಿ, ಆಕ್ಸಿಲರಿ 22.5. ಇದರಲ್ಲಿ ಹೊಸಬರು ತುಂಬಾ ಜನ ಎಡವ್ತಾರೆ, ಈ ಹುಡುಗ ಸರಿಯಾಗೇ ಹಾಕಿದ್ದ. ಡಾಟ್ (ಸುತ್ತಿನ ದಿಕ್ಕು ತೋರಿಸೋ ಗುರುತು) ಕೂಡ ಸರಿ ಇತ್ತು, ಸ್ಪೈಸಲ್ಲಿ ಇಂಡಕ್ಟರಿನ ಮೊದಲನೇ ನೋಡ್ ಕಡೆ ಡಾಟ್ ಇದೆ ಅಂತ ಲೆಕ್ಕ, ಫ್ಲೈಬ್ಯಾಕಲ್ಲಿ ಸೆಕೆಂಡರಿ ಉಲ್ಟಾ ಬರ್ಬೇಕು.

ಕೊನೇ ನಂಬರ್ ಮಾತ್ರ 1 ಅಂತ ಇತ್ತು. ಶುರುವಿಗೆ 1 ಇಟ್ಟು ಓಡಿಸೋದು ತಪ್ಪಲ್ಲ, ಕಂಟ್ರೋಲ್ ಲೂಪ್, ಔಟ್‌ಪುಟ್ ವೋಲ್ಟೇಜ್ ನೋಡೋಕೆ ಅದೇ ಒಳ್ಳೇದು, ಬೇಗ ಓಡುತ್ತೆ. ಆದ್ರೆ 1 ಅಂದ್ರೆ ಲೀಕೇಜ್ ಇಂಡಕ್ಟನ್ಸ್ ಸೊನ್ನೆ ಅಂತ ಅರ್ಥ, ಪ್ರೈಮರಿಯಲ್ಲಿ ಹುಟ್ಟಿದ ಫ್ಲಕ್ಸ್ ಒಂದಿಷ್ಟೂ ಬಿಡದೆ ಸೆಕೆಂಡರಿಗೆ ಸೇರುತ್ತೆ ಅಂತ. ಅಂಥ ಟ್ರಾನ್ಸ್‌ಫಾರ್ಮರನ್ನ ಯಾರೂ ಸುತ್ತೋಕಾಗಲ್ಲ. ಸೆಕೆಂಡರಿ ಶಾರ್ಟ್ ಮಾಡಿ ಪ್ರೈಮರಿಯಲ್ಲಿ ಅಳೆದಾಗ ಉಳಿಯೋ ಇಂಡಕ್ಟನ್ಸೇ ಲೀಕೇಜ್, ಒಂದರಿಂದ ಕೆ ವರ್ಗ ಕಳೆದು ಪ್ರೈಮರಿ ಇಂಡಕ್ಟನ್ಸಿಂದ ಗುಣಿಸಿದ್ರೆ ಬರೋದು ಅದು. ಬೋರ್ಡಲ್ಲಿ, ಮಾಸ್‌ಫೆಟ್ ಆಫ್ ಆದಾಗ ಚಿಮ್ಮೋ ವೋಲ್ಟೇಜ್ ಸ್ಪೈಕನ್ನ ತಡೆಯೋ ಕ್ಲ್ಯಾಂಪ್‌ಗೆ ಅಂತ ರೆಸಿಸ್ಟರ್, ಕೆಪಾಸಿಟರ್, ಡಯೋಡಿಗೆ ಜಾಗ ಬಿಟ್ಟಿದ್ರು, ಸಿಮ್ಯುಲೇಶನಲ್ಲಿ ಸ್ಪೈಕೇ ಇಲ್ವಲ್ಲ ಅಂತ ಖಾಲಿ ಬಿಟ್ಟಿದ್ರು.

ಆ ಟ್ರಾನ್ಸ್‌ಫಾರ್ಮರಲ್ಲಿ ನಿಜವಾಗಿ ಇದ್ದ ಲೀಕೇಜ್ 40 ಮೈಕ್ರೋಹೆನ್ರಿ, ಅಂದ್ರೆ ಶೇಕಡಾ 4. ಮಾಸ್‌ಫೆಟ್ ಆಫ್ ಆದ ಕ್ಷಣ ಆ 40 ಮೈಕ್ರೋಹೆನ್ರಿಯಲ್ಲಿ 0.68 ಆಂಪಿಯರ್ ಹರೀತಿರುತ್ತೆ, ಅದಕ್ಕೆ ಹೋಗೋಕೆ ದಾರಿ ಇಲ್ಲ, ಡ್ರೈನ್ ನೋಡಲ್ಲಿರೋ ಕೆಪಾಸಿಟನ್ಸ್ ಒಂದೇ ಗತಿ. ಅದು ಸುಮಾರು 100 ಪಿಕೋಫ್ಯಾರಡ್ ಅಂದ್ರೆ ಸ್ಪೈಕ್ 430 ವೋಲ್ಟ್ ಹತ್ರ ಬರುತ್ತೆ, 477ಕ್ಕೆ ಸೇರಿಸಿದ್ರೆ 900 ದಾಟ್ತು. ಅಷ್ಟಕ್ಕೆ ಹೋಗೋ ಮುಂಚೇನೇ ಮಾಸ್‌ಫೆಟ್ ಅವಲಾಂಚ್ ಆಗುತ್ತೆ, ಅಂದ್ರೆ ತಡೆಯೋಕಾಗದೆ ಕರೆಂಟ್ ಬಿಟ್ಬಿಡುತ್ತೆ, ಪ್ರತಿ ಸೈಕಲ್‌ಗೆ 9 ಮೈಕ್ರೋಜೌಲಿಗಿಂತ ಜಾಸ್ತಿ ಶಕ್ತಿ ಅದರೊಳಗೇ ಸುಡುತ್ತೆ, ಸೆಕೆಂಡಿಗೆ 65 ಸಾವಿರ ಸಲ. ಕೆಲವು ಐದು ನಿಮಿಷ ಬದುಕಿದ್ದು ಯಾಕೆ ಅಂತ ಇಲ್ಲಿ ಗೊತ್ತಾಗುತ್ತೆ.

ಇಲ್ಲಿಗೆ ಮುಗೀತು ಅಂದ್ಕೊಂಡ್ರೆ, ಪ್ರಕರಣದ ಮುಖ್ಯ ಭಾಗ ಇನ್ನು ಶುರು.

ನಾನು ಅಳೆದು ನೋಡೋ ಮುಂಚೆ ಅವರೇ ಒಂದು ರಿಪೇರಿ ಮಾಡಿದ್ರು. ಲೀಕೇಜ್ ಇರ್ಬೇಕು ಅಂತ ಯಾರೋ ಹೇಳಿದ್ದಕ್ಕೆ ವೈಂಡಿಂಗ್ ಸೆಕ್ಷನಲ್ಲಿದ್ದ, ಇಂಡಕ್ಟನ್ಸ್ ಅಳೆಯೋ ಎಲ್‌ಸಿಆರ್ ಮೀಟರಲ್ಲಿ ಸೆಕೆಂಡರಿ ಶಾರ್ಟ್ ಮಾಡಿ ಅಳೆದ್ರು, 120 ಮೈಕ್ರೋಹೆನ್ರಿ ತೋರಿಸ್ತು. ಅದರಿಂದ ಕೆ ಲೆಕ್ಕ ಹಾಕಿ 0.938 ಅಂತ ಸಿಮ್ಯುಲೇಶನ್‌ಗೆ ಕೊಟ್ರು. ಈಗ ಸಿಮ್ಯುಲೇಶನ್ ದೊಡ್ಡ ಸ್ಪೈಕ್ ತೋರಿಸ್ತು, ಅದನ್ನ 200 ವೋಲ್ಟಿಗೆ ಕ್ಲ್ಯಾಂಪ್ ಮಾಡೋಕೆ ಸುಮಾರು 3.7 ವಾಟ್ ಸುಡ್ಬೇಕು ಅಂತು, ಅದಕ್ಕೆ 10 ಕಿಲೋಓಮ್ 5 ವಾಟ್ ರೆಸಿಸ್ಟರ್ ಹಾಕಿದ್ರು. ಮಾಸ್‌ಫೆಟ್ ಹಾರೋದು ನಿಂತೋಯ್ತು, ನಿಜ. ಆದ್ರೆ ರೆಸಿಸ್ಟರ್ ಕೆಳಗಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗ್ತು, ಎಫಿಷಿಯೆನ್ಸಿ ಬಿತ್ತು, ಪ್ಲಾಸ್ಟಿಕ್ ಡಬ್ಬಿ ಮುಟ್ಟೋಕಾಗ್ತಿರ್ಲಿಲ್ಲ. ಕ್ಲ್ಯಾಂಪ್ ವೋಲ್ಟೇಜ್ ಅಳೆದ್ರೆ 200 ಅಲ್ಲ, 143 ಇತ್ತು. ಸಿಮ್ಯುಲೇಶನ್‌ಗೂ ಬೋರ್ಡಿಗೂ ತಾಳೆಯೇ ಇಲ್ಲ.

ಮೀಟರ್ ಕೆಟ್ಟಿರ್ಲಿಲ್ಲ, ಅದರ ಟೆಸ್ಟ್ ಫ್ರೀಕ್ವೆನ್ಸಿ 1 ಕಿಲೋಹರ್ಟ್ಜ್ ಇತ್ತು ಅಷ್ಟೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಲೀಕೇಜ್ ಅಳೆಯೋ ಎಷ್ಟೋ ಜನ ಇದೇ ಗುಂಡಿಗೆ ಬೀಳ್ತಾರೆ. ಸೆಕೆಂಡರಿಯನ್ನ ತಂತಿಯಿಂದ ಶಾರ್ಟ್ ಮಾಡಿದ್ವಿ ಅಂದ್ರೂ ಆ 10 ಸುತ್ತು ತಾಮ್ರಕ್ಕೆ ಸುಮಾರು 30 ಮಿಲಿಓಮ್ ರೆಸಿಸ್ಟನ್ಸ್ ಇದೆ. 1 ಕಿಲೋಹರ್ಟ್ಜಲ್ಲಿ 15.6 ಮೈಕ್ರೋಹೆನ್ರಿಯ ರಿಯಾಕ್ಟನ್ಸ್ 98 ಮಿಲಿಓಮ್ ಮಾತ್ರ. 98ರ ಮುಂದೆ 30 ಸಣ್ಣದಲ್ಲ, ಹಾಗಾಗಿ ಶಾರ್ಟ್ ಅನ್ನೋದು ಪೂರ್ತಿ ಶಾರ್ಟ್ ಆಗಿರಲ್ಲ, ಮ್ಯಾಗ್ನೆಟೈಸಿಂಗ್ ಇಂಡಕ್ಟನ್ಸಿನ (ಲೀಕೇಜ್ ಬಿಟ್ಟು ಉಳಿದ, ಸೆಕೆಂಡರಿಗೆ ನಂಟಿರೋ ಇಂಡಕ್ಟನ್ಸ್) ಒಂದು ಪಾಲು ಓದಿನೊಳಗೆ ನುಗ್ಗುತ್ತೆ. ಲೆಕ್ಕ ಹಾಕಿದ್ರೆ ಆ ಪಾಲು 82 ಮೈಕ್ರೋಹೆನ್ರಿ ಬರುತ್ತೆ, ನಿಜವಾದ 40ಕ್ಕೆ ಕೂಡಿಸಿ 122, ಮೀಟರ್ ತೋರಿಸಿದ್ದು ಹೆಚ್ಚುಕಮ್ಮಿ ಅಷ್ಟೇ. ಅದೇ 100 ಕಿಲೋಹರ್ಟ್ಜಲ್ಲಿ ರಿಯಾಕ್ಟನ್ಸ್ 9.8 ಓಮ್, ಅದರ ಮುಂದೆ 30 ಮಿಲಿಓಮ್ ಲೆಕ್ಕಕ್ಕೇ ಇಲ್ಲ, ಓದು 40ಕ್ಕೆ ಇಳಿಯುತ್ತೆ. ಮೀಟರಲ್ಲಿ 100 ಕಿಲೋಹರ್ಟ್ಜ್ ಬಟನ್ ಇತ್ತು, ಒತ್ತಿದ್ವಿ, 40 ಬಂತು. ಹುಡುಗ ಆ ಮೀಟರನ್ನೇ ನೋಡ್ತಾ ನಿಂತ.

ಒಂದೇ ಮೀಟರನ್ನ ನಂಬ್ಕೊಂಡು ಕೂರೋಕೆ ನನಗೆ ಮನಸ್ಸು ಬರಲ್ಲ, ಬೋರ್ಡಿಂದಾನೇ ಇನ್ನೊಂದು ಸಾಕ್ಷಿ ಬೇಕಿತ್ತು. ಡಿಸ್‌ಕಂಟಿನ್ಯೂಯಸ್ ಫ್ಲೈಬ್ಯಾಕಲ್ಲಿ ಅದು ಸುಲಭವಾಗಿ ಸಿಗುತ್ತೆ. ಡ್ರೈನ್ ವೇವ್‌ಫಾರ್ಮಲ್ಲಿ ಎರಡು ರಿಂಗಿಂಗ್ (ವೋಲ್ಟೇಜ್ ಮೇಲೆ ಕೆಳಗೆ ತೂಗಾಡೋದು) ಕಾಣುತ್ತೆ. ಮಾಸ್‌ಫೆಟ್ ಆಫ್ ಆದ ಕೂಡಲೇ ಬರೋದು ಲೀಕೇಜಿಂದು, ಆಗ ಸೆಕೆಂಡರಿ ಡಯೋಡ್ ಆನ್ ಇರುತ್ತೆ ಅಂದ್ರೆ ಟ್ರಾನ್ಸ್‌ಫಾರ್ಮರ್ ತಾನೇ ಶಾರ್ಟ್ ಟೆಸ್ಟ್ ಮಾಡ್ಕೋತಿರುತ್ತೆ. ಆಮೇಲೆ ಸೆಕೆಂಡರಿ ಕರೆಂಟ್ ಸೊನ್ನೆಗೆ ಬಂದ್ಮೇಲೆ ಬರೋ ನಿಧಾನದ ರಿಂಗಿಂಗ್ ಪೂರ್ತಿ ಪ್ರೈಮರಿ ಇಂಡಕ್ಟನ್ಸಿಂದು. ಎರಡರಲ್ಲೂ ಕೆಪಾಸಿಟನ್ಸ್ ಹೆಚ್ಚುಕಮ್ಮಿ ಅದೇ. ಸ್ಕೋಪಲ್ಲಿ ಮೊದಲನೇದು 2.5 ಮೆಗಾಹರ್ಟ್ಜ್ ಹತ್ರ, ಎರಡನೇದು 500 ಕಿಲೋಹರ್ಟ್ಜ್ ಹತ್ರ ಸಿಕ್ತು. 5 ಪಟ್ಟು ವ್ಯತ್ಯಾಸ, ವರ್ಗ ಮಾಡಿದ್ರೆ 25, ಅಂದ್ರೆ ಲೀಕೇಜ್ ಪ್ರೈಮರಿಯ ಇಪ್ಪತ್ತೈದನೇ ಒಂದು ಭಾಗ, ಶೇಕಡಾ 4. ಮೀಟರ್ ಹೇಳಿದ್ದೂ ಅದೇ. ಅದರ ಜೊತೆಗೆ ಡ್ರೈನ್ ಕೆಪಾಸಿಟನ್ಸ್ 100 ಪಿಕೋಫ್ಯಾರಡ್ ಅನ್ನೋದೂ ಪುಕ್ಕಟೆ ಸಿಕ್ತು, ಸಿಮ್ಯುಲೇಶನ್‌ಗೆ ಅದೂ ಬೇಕು. ಮಾಸ್‌ಫೆಟ್ ಕೆಪಾಸಿಟನ್ಸ್ ವೋಲ್ಟೇಜ್ ಜೊತೆ ಬದಲಾಗೋದ್ರಿಂದ ಇದು ಕರಾರುವಾಕ್ ಅಲ್ಲ, ಆದ್ರೆ 40ಕ್ಕೂ 120ಕ್ಕೂ ನಡುವೆ ತೀರ್ಪು ಕೊಡೋಕೆ ಧಾರಾಳ ಸಾಕು. ಈ ಅಳತೆ ಮಾಡೋವಾಗ ದಯವಿಟ್ಟು ಡಿಫರೆನ್ಶಿಯಲ್ ಪ್ರೋಬ್ ಅಥವಾ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಬಳಸಿ, ಪ್ರೈಮರಿ ಗ್ರೌಂಡ್ ಮೇನ್ಸ್‌ಗೆ ನೇರ ಸೇರಿರುತ್ತೆ, ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನ ಅಲ್ಲಿಗೆ ಹಾಕಿದ್ರೆ ಸ್ಕೋಪೂ ಹೋಗುತ್ತೆ, ಕೈಗೂ ಅಪಾಯ.

ಈಗ ಇದನ್ನ ಫೈಲಲ್ಲಿ ಹೇಗೆ ಬರೆಯೋದು. ಶೇಕಡಾ 4 ಲೀಕೇಜ್ ಅಂದ್ರೆ ಕೆ 0.9798. ಇದನ್ನ ಟೈಪ್ ಮಾಡಿದ್ರೂ ಆಯ್ತು, ಆದ್ರೆ ನನಗೆ ಕೆ ಟೈಪ್ ಮಾಡೋದೇ ಇಷ್ಟ ಇಲ್ಲ. ಕಾರಣ ಸರಳ. ಕೆ 0.97 ಅಂದ್ರೆ ಲೀಕೇಜ್ ಶೇಕಡಾ 5.9, 0.99 ಅಂದ್ರೆ ಶೇಕಡಾ 2. ಕೆಯಲ್ಲಿ ನೂರಕ್ಕೆ ಎರಡರಷ್ಟು ಆಚೀಚೆ ಆದ್ರೆ ಲೀಕೇಜ್ ಮೂರು ಪಟ್ಟು ಬದಲಾಗುತ್ತೆ, ಕ್ಲ್ಯಾಂಪ್ ವಾಟೂ ಮೂರು ಪಟ್ಟು. ಕಾಲೇಜ್ ಲ್ಯಾಬಲ್ಲಿ ಹೇಳ್ಕೊಡೋ ವಿಧಾನ ಒಂದಿದೆ, ಎರಡೂ ವೈಂಡಿಂಗನ್ನ ಸೀರೀಸಲ್ಲಿ ಒಂದ್ಸಲ ಕೂಡಿಸಿ ಒಂದ್ಸಲ ಕಳೆದು ಅಳೆದು ವ್ಯತ್ಯಾಸವನ್ನ ನಾಲ್ಕರಿಂದ ಭಾಗಿಸೋದು. ಮ್ಯೂಚುವಲ್ ಇಂಡಕ್ಟನ್ಸ್ ಬೇಕು ಅಂದ್ರೆ ಅದು ಚೆನ್ನಾಗಿದೆ, ಆದ್ರೆ ಹತ್ತಿರ ಹತ್ತಿರ 1 ಇರೋ ಕಪ್ಲಿಂಗಲ್ಲಿ ಅದರಿಂದ ಲೀಕೇಜ್ ತೆಗೆಯೋಕೆ ಹೋಗ್ಬೇಡಿ. ಮೀಟರಿನ ಶೇಕಡಾ 1 ತಪ್ಪು ಇಡೀ ಉತ್ತರವನ್ನೇ ನುಂಗುತ್ತೆ.

ಹಾಗಾಗಿ ಅಳೆದ ನಂಬರನ್ನೇ ನೇರವಾಗಿ ಹಾಕೋದು ಒಳ್ಳೇದು. ಪ್ರೈಮರಿಯ ಮುಂದೆ 40 ಮೈಕ್ರೋಹೆನ್ರಿಯ ಒಂದು ಬೇರೆ ಇಂಡಕ್ಟರ್, ಅದರ ಹಿಂದೆ 960 ಮೈಕ್ರೋಹೆನ್ರಿ, ಸೆಕೆಂಡರಿ 15.6, ಇವೆರಡರ ನಡುವೆ ಕೆ 1. ಎರಡು ವೈಂಡಿಂಗಿಗೆ ಇದು ಅಂದಾಜಲ್ಲ, 0.9798 ಹಾಕಿದ ಮಾಡೆಲಿಗೆ ಗಣಿತದಲ್ಲಿ ಪೂರ್ತಿ ಸಮ. ಲಾಭ ಏನಂದ್ರೆ ಲೀಕೇಜನ್ನ ಪ್ಯಾರಾಮೀಟರ್ ಮಾಡಿ 30, 40, 50 ಅಂತ ಸ್ಟೆಪ್ ಮಾಡ್ಬೋದು, ಆ ಇಂಡಕ್ಟರ್ ಮೂಲಕ ಹೋಗೋ ಕರೆಂಟನ್ನ ಕ್ಲಿಕ್ ಮಾಡಿ ನೋಡ್ಬೋದು, ಮುಖ್ಯವಾಗಿ ಫೈಲ್ ತೆಗೆದ ಯಾರಿಗಾದ್ರೂ 40 ಅನ್ನೋದು ಕಣ್ಣಿಗೆ ಬೀಳುತ್ತೆ.

ಸಣ್ಣ ಪುಟ್ಟ ವಿಷಯ ಇನ್ನೊಂದಿಷ್ಟಿದೆ. ಎಲ್‌ಟಿಸ್ಪೈಸ್ ಒಂಟಿ ಇಂಡಕ್ಟರ್‌ಗಳಿಗೆ ತಾನಾಗೇ 1 ಮಿಲಿಓಮ್ ಸೀರೀಸ್ ರೆಸಿಸ್ಟನ್ಸ್ ಸೇರಿಸುತ್ತೆ, ಕೆ ಸಾಲಲ್ಲಿ ಹೆಸರಿರೋ ಇಂಡಕ್ಟರ್‌ಗೆ ಸೇರಿಸಲ್ಲ, ಹಾಗಾಗಿ ವೈಂಡಿಂಗ್ ರೆಸಿಸ್ಟನ್ಸ್ ಅಳೆದು ನಾವೇ ಕೊಡ್ಬೇಕು. ಸೆಕೆಂಡರಿ ಕಡೆ ಗ್ರೌಂಡ್ ಇಲ್ಲದೆ ತೇಲ್ತಿದ್ರೆ ಸಿಂಗ್ಯುಲರ್ ಮ್ಯಾಟ್ರಿಕ್ಸ್ ಅಂತ ಬೈಯುತ್ತೆ, ಎರಡೂ ಗ್ರೌಂಡ್ ನಡುವೆ ಒಂದು ದೊಡ್ಡ ಮೆಗಾಓಮ್ ರೆಸಿಸ್ಟರ್ ಹಾಕಿದ್ರೆ ಸುಮ್ಮನಾಗುತ್ತೆ. 2.5 ಮೆಗಾಹರ್ಟ್ಜ್ ರಿಂಗಿಂಗ್ ಅಂದ್ರೆ ಒಂದು ಸುತ್ತು 400 ನ್ಯಾನೋಸೆಕೆಂಡ್, ಮ್ಯಾಕ್ಸಿಮಮ್ ಟೈಮ್‌ಸ್ಟೆಪ್ 10 ನ್ಯಾನೋಸೆಕೆಂಡ್ ಕೊಡಿ, ಇಲ್ಲಾಂದ್ರೆ ಸ್ಪೈಕಿನ ತುದಿ ಕತ್ತರಿಸ್ಕೊಂಡು ಹೋಗುತ್ತೆ. ಇಂಟಿಗ್ರೇಶನ್ ಮೆಥಡ್ ಗಿಯರ್ ಇಟ್ರೆ ಇರೋ ರಿಂಗಿಂಗನ್ನೂ ಅದು ಅಡಗಿಸಿಬಿಡುತ್ತೆ, ಈ ಕೆಲಸಕ್ಕೆ ಬೇಡ.

ಇಷ್ಟು ಸರಿ ಮಾಡಿ ಓಡಿಸಿದಾಗ ಕ್ಲ್ಯಾಂಪಿಗೆ 1.2 ವಾಟ್ ಅಂತ ಬಂತು, 33 ಕಿಲೋಓಮ್ ಹಾಕಿದ್ರೆ 200 ವೋಲ್ಟಲ್ಲಿ ನಿಲ್ಲುತ್ತೆ ಅಂತ. ಕೈಲೆಕ್ಕದಲ್ಲೂ ಅಷ್ಟೇ. ಹಳೇ 10 ಕಿಲೋಓಮನ್ನ ಹೊಸ ಮಾಡೆಲಲ್ಲಿ ಹಾಕಿ ನೋಡಿದ್ವಿ, ಕ್ಲ್ಯಾಂಪ್ 143 ವೋಲ್ಟ್, 2 ವಾಟ್ ಚಿಲ್ಲರೆ, ಬೋರ್ಡಲ್ಲಿ ಕಂಡಿದ್ದೇ. ಮಾಡೆಲ್ ಸರಿ ಇದೆ ಅಂತ ನಾನು ಒಪ್ಪಿದ್ದು ಆವಾಗ. ಹೊಸ ನಂಬರ್ ಕೊಟ್ಟಿದ್ದಕ್ಕಿಂತ, ಆಗ್ಲೇ ಬೋರ್ಡಲ್ಲಿ ನಡೆದಿದ್ದನ್ನ ತಿರುಗಿ ಹೇಳಿದ್ದಕ್ಕೆ ಬೆಲೆ ಜಾಸ್ತಿ.

ಮೂರನೇ ವೈಂಡಿಂಗಿನ ಕಥೆ ಬೇರೆ, ಇಲ್ಲಿ ನಾನು ಮೇಲೆ ಹೊಗಳಿದ ಮಾಡೆಲ್ ಕೆಲಸಕ್ಕೆ ಬರಲ್ಲ. ಆಕ್ಸಿಲರಿ 12 ಸುತ್ತು, ಲೆಕ್ಕದಲ್ಲಿ 14.5 ವೋಲ್ಟ್ ಬರ್ಬೇಕು. ಲೋಡ್ ಇಲ್ಲದಾಗ ಅಷ್ಟೇ ಬರ್ತಿತ್ತು, ಫುಲ್ ಲೋಡಲ್ಲಿ 20 ಹತ್ರ ಏರಿ ಐಸಿಯ ಓವರ್‌ವೋಲ್ಟೇಜ್ ಪ್ರೊಟೆಕ್ಷನ್ ಹೊಡೀತಿತ್ತು. ಲೀಕೇಜನ್ನೆಲ್ಲಾ ಪ್ರೈಮರಿಯ ಹೊರಗಿಟ್ಟು ಉಳಿದ ಮೂರಕ್ಕೂ ಕೆ 1 ಅಂದ್ರೆ ಆಕ್ಸಿಲರಿ ಯಾವಾಗ್ಲೂ ಸೆಕೆಂಡರಿಯನ್ನೇ ಹಿಂಬಾಲಿಸುತ್ತೆ, ಸಿಮ್ಯುಲೇಶನಲ್ಲಿ ಈ ತೊಂದರೆ ಕಾಣೋದೇ ಇಲ್ಲ. ನಿಜದಲ್ಲಿ, ತಂತಿ ಸುತ್ತೋ ಬಾಬಿನ್ ತಳದಲ್ಲಿ ಆಕ್ಸಿಲರಿ, ಅದರ ಮೇಲೆ ಪ್ರೈಮರಿ, ಎಲ್ಲಕ್ಕಿಂತ ಮೇಲೆ ಸೆಕೆಂಡರಿ ಇತ್ತು, ಅಂದ್ರೆ ಆಕ್ಸಿಲರಿಗೆ ಪ್ರೈಮರಿ ಪಕ್ಕದ ಮನೆ, ಸೆಕೆಂಡರಿ ದೂರ. ಇದಕ್ಕೆ ಮೂರು ಜೋಡಿಗೂ ಬೇರೆ ಬೇರೆ ಕೆ ಬೇಕೇ ಬೇಕು.

ಹುಡುಗ ಅಂದಾಜಲ್ಲಿ ಪ್ರೈಮರಿ ಸೆಕೆಂಡರಿ 0.98, ಪ್ರೈಮರಿ ಆಕ್ಸಿಲರಿ 0.98, ಸೆಕೆಂಡರಿ ಆಕ್ಸಿಲರಿ 0.90 ಅಂತ ಹಾಕಿದ. ಓಡಿಸಿದ್ರೆ ಕರೆಂಟ್ ಎಲ್ಲೆಲ್ಲೋ ಏರಿ ಸಿಮ್ಯುಲೇಶನ್ ಟೈಮ್‌ಸ್ಟೆಪ್ ಸಾಲ್ದು ಅಂತ ನಿಂತೋಯ್ತು. ಟೈಮ್‌ಸ್ಟೆಪ್ ಸೆಟ್ಟಿಂಗ್‌ಗಳನ್ನ ತಿರುವೋಕೆ ಹೊರಟಿದ್ದ, ನಾನು ತಡೆದೆ. ಮೂರು ನಂಬರ್ ಬಿಡಿಬಿಡಿಯಾಗಿ 1ಕ್ಕಿಂತ ಕಮ್ಮಿ ಇದ್ರೆ ಸಾಲ್ದು, ಒಂದಕ್ಕೊಂದು ಹೊಂದ್ಬೇಕು. ಎ ಬಿಗೆ ಹತ್ರ, ಎ ಸಿಗೂ ಹತ್ರ ಅಂದ್ಮೇಲೆ ಬಿ ಸಿಗೆ ತೀರಾ ದೂರ ಇರೋಕೆ ಸಾಧ್ಯವಿಲ್ಲ. ಪರೀಕ್ಷೆ ಇದು: ಮೂರರ ಗುಣಲಬ್ಧದ ಎರಡರಷ್ಟಕ್ಕೆ 1 ಕೂಡಿಸಿ, ಅದರಿಂದ ಮೂರರ ವರ್ಗಗಳನ್ನ ಕಳೀರಿ, ಉಳಿದಿದ್ದು ಸೊನ್ನೆಗಿಂತ ಕೆಳಗೆ ಹೋಗಬಾರದು. ಅವನ ನಂಬರಿಗೆ ಮೈನಸ್ 0.002 ಬಂತು. ಅಂಥ ಟ್ರಾನ್ಸ್‌ಫಾರ್ಮರ್ ಸೃಷ್ಟಿಯಲ್ಲಿ ಇಲ್ಲ, ಅದು ಇಲ್ಲದ ಶಕ್ತಿಯನ್ನ ಹುಟ್ಟಿಸುತ್ತೆ, ಸಾಲ್ವರ್ ಎಷ್ಟು ಸಣ್ಣ ಹೆಜ್ಜೆ ಇಟ್ರೂ ದಾರಿ ಸಿಗಲ್ಲ. ಮೊದಲ ಎರಡು 0.98 ಇದ್ರೆ ಮೂರನೇದು 0.921ಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ತಂತ್ರಾಂಶ ತಾನಾಗೇ ಎಚ್ಚರಿಸುತ್ತೆ ಅಂತ ಕಾಯ್ಬೇಡಿ, ಕ್ಯಾಲ್ಕುಲೇಟರಲ್ಲಿ ನೀವೇ ನೋಡ್ಕೊಳ್ಳಿ.

ಅಳೆದಾಗ ಮೂರನೇದು 0.965 ಬಂತು. ಈ ಅಳತೆಯಲ್ಲಿ ಕಷ್ಟ ಇದೆ, ಸೆಕೆಂಡರಿ ಕಡೆಯಿಂದ ನೋಡಿದ್ರೆ ಲೀಕೇಜ್ 1 ಮೈಕ್ರೋಹೆನ್ರಿ ಅಷ್ಟೇ, ಶಾರ್ಟ್ ಮಾಡಿದ ತಂತಿ ಎರಡು ಇಂಚು ಉದ್ದ ಇದ್ರೂ ಓದು ಕೆಡುತ್ತೆ, ಪಿನ್ ಬುಡದಲ್ಲೇ ದಪ್ಪ ತಾಮ್ರ ಬೆಸುಗೆ ಹಾಕಿ ಅಳೀಬೇಕು. ಆ ಮೂರು ನಂಬರ್ ಹಾಕಿದ್ರೆ ಆಕ್ಸಿಲರಿ ಮೇಲೆ ಪ್ರೈಮರಿಯ ಪ್ರಭಾವ 0.87, ಸೆಕೆಂಡರಿಯದ್ದು 0.12 ಮಾತ್ರ ಅಂತ ಲೆಕ್ಕ ಸಿಗುತ್ತೆ. ಲೀಕೇಜ್ ಖಾಲಿಯಾಗೋ 0.28 ಮೈಕ್ರೋಸೆಕೆಂಡ್ ಹೊತ್ತು ಪ್ರೈಮರಿ 200 ವೋಲ್ಟಲ್ಲಿ ಕೂತಿರುತ್ತೆ, ಆಗ ಆಕ್ಸಿಲರಿಯಲ್ಲಿ 28 ವೋಲ್ಟ್ ಹತ್ರ ಕಾಣುತ್ತೆ, ಐಸಿ ತಗೊಳ್ಳೋದು ಸ್ವಲ್ಪವೇ ಕರೆಂಟ್ ಆದ್ರಿಂದ ಕೆಪಾಸಿಟರ್ ಆ ತುದಿ ಕಡೆಗೇ ಏರ್ತಾ ಹೋಗುತ್ತೆ. ಸಿಮ್ಯುಲೇಶನಲ್ಲೂ ಈಗ ಆಕ್ಸಿಲರಿ ಲೋಡ್ ಜೊತೆ ಏರೋದು ಕಾಣಿಸ್ತು. ಡಯೋಡ್ ಸೀರೀಸಲ್ಲಿ 22 ಓಮ್ ಹಾಕಿದಾಗ ಇಳೀತು, ಬೋರ್ಡಲ್ಲೂ ಇಳೀತು.

ಈ ಮಾಡೆಲ್ ಹೇಳದೇ ಇರೋದು ಸ್ಯಾಚುರೇಶನ್. ಕೆ ಸಾಲು ಲೀನಿಯರ್ ಲೋಕದ್ದು, ಕೋರ್ ತುಂಬಿತು ಅಂತ ಅದಕ್ಕೆ ಗೊತ್ತಾಗಲ್ಲ. ಇಲ್ಲಿ ಫ್ಲಕ್ಸ್ 0.27 ಟೆಸ್ಲಾ ಒಳಗೇ ಇದ್ದಿದ್ರಿಂದ ಬಿಟ್ವಿ. ಪಿಸ್ಪೈಸಿಗೆ (ಸ್ಪೈಸಿನ ಇನ್ನೊಂದು ರೂಪ) ಹೋಗಿ ಕೋರ್ ಮಾಡೆಲ್ ಹಾಕೋರಿಗೆ ಒಂದು ಮಾತು, ಅಲ್ಲಿ ಕೆ ಜೊತೆ ಕೋರ್ ಮಾಡೆಲ್ ಕೊಟ್ಟ ತಕ್ಷಣ ಇಂಡಕ್ಟರ್ ಮುಂದಿನ ನಂಬರ್ ಹೆನ್ರಿ ಅಲ್ಲ, ಸುತ್ತುಗಳ ಸಂಖ್ಯೆ ಆಗುತ್ತೆ.

ಇಷ್ಟೆಲ್ಲಾ ಆದ್ಮೇಲೆ ದೊಡ್ಡ ಉಳಿತಾಯ ಬಂದಿದ್ದು ವೈಂಡಿಂಗ್ ಮಾಡೋ ಅಕ್ಕನಿಂದ. ಲೀಕೇಜ್ ಯಾಕೆ ಬರುತ್ತೆ ಅಂತ ಹುಡುಗ ಅವರಿಗೆ ವಿವರಿಸ್ತಿದ್ದ, ಅವರು ಕೇಳಿಸ್ಕೊಂಡು "ಹಂಗಾದ್ರೆ ಪ್ರೈಮರಿ ಅರ್ಧ ಸುತ್ತಿ, ಮಧ್ಯ ಸೆಕೆಂಡರಿ ಹಾಕಿ, ಮೇಲೆ ಇನ್ನರ್ಧ ಸುತ್ತಿದ್ರೆ ಆಯ್ತಲ್ಲಪ್ಪ, ಬೇರೆ ಆರ್ಡರಿಗೆ ಹಂಗೇ ಸುತ್ತಿದೀನಿ" ಅಂದ್ರು. ಸ್ಯಾಂಡ್‌ವಿಚ್ ವೈಂಡಿಂಗ್ ಅದು. 40 ಸುತ್ತು ಪ್ರೈಮರಿ, ಟ್ರಿಪಲ್ ಇನ್ಸುಲೇಟೆಡ್ ತಂತಿಯ ಸೆಕೆಂಡರಿ, ಅದರ ಪಕ್ಕಕ್ಕೇ ಆಕ್ಸಿಲರಿ, ಮೇಲೆ ಉಳಿದ 40 ಸುತ್ತು. 100 ಕಿಲೋಹರ್ಟ್ಜಲ್ಲಿ ಅಳೆದ್ರೆ 15 ಮೈಕ್ರೋಹೆನ್ರಿ. ಫೈಲಲ್ಲಿ 40 ಇದ್ದ ಜಾಗಕ್ಕೆ 15 ಹಾಕಿ ಓಡಿಸಿದ್ವಿ, ಕ್ಲ್ಯಾಂಪ್ ರೆಸಿಸ್ಟರ್ 82 ಕಿಲೋಓಮ್, ಸುಡೋದು ಅರ್ಧ ವಾಟಿಗಿಂತ ಕಮ್ಮಿ. ಆಕ್ಸಿಲರಿ ಏರಾಟವೂ ಬಹುಪಾಲು ಹೋಯ್ತು. ಬದಲಿಗೆ ತೆತ್ತಿದ್ದು ಪ್ರೈಮರಿ ಸೆಕೆಂಡರಿ ನಡುವಿನ ಕೆಪಾಸಿಟನ್ಸ್, ಅದು ಏರಿದ್ರಿಂದ ಕಾಮನ್ ಮೋಡ್ ನಾಯ್ಸ್ (ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ಹರಿಯೋ ಗದ್ದಲ) ಜಾಸ್ತಿ ಆಯ್ತು, ಇನ್‌ಪುಟ್ ಫಿಲ್ಟರಿನ ಚೋಕ್ ದೊಡ್ಡದು ಮಾಡ್ಬೇಕಾಯ್ತು. ಆ ಕೆಪಾಸಿಟನ್ಸನ್ನೂ ಈಗ ಫೈಲಲ್ಲಿ ಎರಡೂ ವೈಂಡಿಂಗ್ ನಡುವೆ ಹಾಕಿಟ್ಟಿದಾರೆ.

ವೈಂಡಿಂಗ್ ಶೀಟಲ್ಲಿ ಮೊದಲು ಸುತ್ತು, ತಂತಿ ಗೇಜ್, ಪ್ರೈಮರಿ ಇಂಡಕ್ಟನ್ಸ್ ಇಷ್ಟೇ ಇರ್ತಿತ್ತು. ಈಗ ಇನ್ನೊಂದು ಸಾಲು ಸೇರಿದೆ: ಸೆಕೆಂಡರಿ ಪಿನ್ ಬುಡದಲ್ಲಿ ಶಾರ್ಟ್, 100 ಕಿಲೋಹರ್ಟ್ಜ್, ಲೀಕೇಜ್ 18 ಮೈಕ್ರೋಹೆನ್ರಿ ಮೀರಬಾರದು. ಸಿಮ್ಯುಲೇಶನ್ ಫೈಲಲ್ಲೂ ಸ್ಟೆಪ್ 18ರ ತನಕ ಓಡುತ್ತೆ.